ಹಿರಿಯರು ಹೇಳಿದರು, ಪಾದ್ರಿ ಬರೆದ

ಮನೆಯ ಬಾಗಿಲಲ್ಲಿ ಒಂದು ಪಾತ್ರೆ ನೀರು. ಹೊರಗಿನಿಂದ ಬಂದವನು ಮನೆಯವನೇ ಇರಲಿ, ಅತಿಥಿಯೇ ಇರಲಿ, ಆ ನೀರಿನಿಂದ ಕಾಲು ತೊಳೆದುಕೊಂಡ ಮೇಲೆಯೇ ಒಳಗೆ ಅಡಿಯಿಡಬೇಕು. ದಿನದ ದುಡಿಮೆ ಮುಗಿಸಿ ಬಂದವರು ಸಂಜೆ ಹೊಳೆಗೆ ಇಳಿದು ಮಿಂದೇ ಮನೆ ಸೇರುವರು. ಮಕ್ಕಳು ಹುಟ್ಟಿದಂದಿನಿಂದ ನೀರಿನಲ್ಲಿಯೇ ಬೆಳೆಯುವರು. ಮೀನಿನಂತೆ ಈಜಬಲ್ಲ ಅವರಿಗೆ ಹೊಳೆ ದಾಟಲು ಸೇತುವೆಯ ಹಂಗಿಲ್ಲ. ಸ್ತ್ರೀಯರೂ ಪುರುಷರೂ ಮೀಯುವಾಗ ಕತ್ತಿನವರೆಗೆ ನೀರಿನಲ್ಲಿ ಕುಳಿತು ಮಾನ ಕಾಯ್ದುಕೊಳ್ಳುವರು.

ಇದು ಮಲೆನಾಡಿನ ಯಾವುದೋ ಗ್ರಾಮದ ವರ್ಣನೆಯೆಂದು ವಾಚಕರು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು ಕನ್ನಡ ನಾಡಿನಿಂದ ಸಾವಿರಾರು ಮೈಲಿ ಪೂರ್ವಕ್ಕಿರುವ ಫಿಲಿಪ್ಪೈನ್ಸ್ ದ್ವೀಪಗಳ ಚಿತ್ರ. ಬರೆದವನು ಸ್ಪೇನ್ ದೇಶದ ಜೆಸ್ಯುಯಿಟ್ ಪಾದ್ರಿ ಪೆದ್ರೊ ಚಿರಿನೊ. ಅವನು 1590ರಲ್ಲಿ ಆ ದ್ವೀಪಗಳಿಗೆ ಬಂದನು. ಅವನ ಗ್ರಂಥ 1604ರಲ್ಲಿ ರೋಮ್ ನಗರದಲ್ಲಿ ಅಚ್ಚಾಯಿತು. ಸ್ನಾನದ ಮೇಲೆ ಅಷ್ಟಾಗಿ ಆದರವಿಲ್ಲದ ಅಂದಿನ ಯುರೋಪಿನಿಂದ ಬಂದವನಿಗೆ ಈ ಜನರ ಜಲಪ್ರೀತಿ ದೊಡ್ಡ ಸೋಜಿಗವಾಗಿ ಕಂಡಿತೆಂಬುದು ಅವನು ಅದನ್ನು ವಿಸ್ತರಿಸಿರುವ ರೀತಿಯಿಂದಲೇ ಸ್ಪಷ್ಟವಾಗುತ್ತದೆ.

ಸ್ಪೇನಿನವರ ಧ್ವಜ ಅಲ್ಲಿ ನಾಟುವ ಮುನ್ನ ಆ ಜನ ಹೇಗೆ ಬಾಳುತ್ತಿದ್ದರೆಂದು ತಿಳಿಯಬೇಕಾದರೆ ಇಂಥ ಪಾದ್ರಿಗಳ ಬರಹಗಳನ್ನೇ ಬಹುಮಟ್ಟಿಗೆ ಆಶ್ರಯಿಸಬೇಕಾಗಿದೆ. ಜನರ ಹಳೆಯ ನಂಬಿಕೆಯನ್ನು ಕೀಳಲೆಂದು ಬಂದವರೇ ಅದನ್ನು ಬರೆದಿಟ್ಟವರೂ ಆದರು. ಹಾಗೆ ಬರೆದವರೊಳಗೆ ಒಬ್ಬನ ಕಿರಿದಾದ ಬರಹ ಕೇವಲ ಕುತೂಹಲದ ವಸ್ತುವಲ್ಲ. ಅದರ ಒಂದು ವಾಕ್ಯದ ಮೇಲೆ ಎಷ್ಟೋ ಕುಟುಂಬಗಳ ಸ್ವಾತಂತ್ರ್ಯ ನಿಂತಿತ್ತು.

ಗವರ್ನರನ ಪ್ರಶ್ನೆ

ಮ್ಯಾಗೆಲ್ಲನ್ 1521ರಲ್ಲಿ ಈ ದ್ವೀಪಗಳನ್ನು ಮುಟ್ಟಿ ಅಲ್ಲಿಯೇ ಹತನಾದನು. 1565ರಲ್ಲಿ ಲೆಗಾಸ್ಪಿ ಎಂಬವನು ಸೆಬು ದ್ವೀಪದಲ್ಲಿ ನೆಲೆಯೂರಿ, 1571ರಲ್ಲಿ ಮನಿಲಾವನ್ನು ವಶಪಡಿಸಿಕೊಂಡು ರಾಜಧಾನಿ ಮಾಡಿದನು. ಆ ಪ್ರದೇಶದ ಜನರೇ ತಗಾಲೊಗರು. ಅವರ ಅಂದಿನ ಮುಖಂಡನ ಹೆಸರು ರಾಜಾ ಸುಲೈಮಾನ್. ಬಿರುದು ಸಂಸ್ಕೃತದ್ದು, ಹೆಸರು ಅರಬ್ಬಿಯದು. ಹಡಗುಗಳು ಆ ತೀರಕ್ಕೆ ಏನೇನನ್ನು ಹೊತ್ತು ತಂದಿದ್ದವೆಂಬುದಕ್ಕೆ ಆ ಎರಡು ಪದಗಳೇ ಸಾಕ್ಷಿ.

ಖಡ್ಗದ ಹಿಂದೆಯೇ ಶಿಲುಬೆ ಬಂದಿತು. 1578ರಲ್ಲಿ ಬಂದ ಫ್ರಾನ್ಸಿಸ್ಕನ್ ಪಂಗಡದ ಪಾದ್ರಿಗಳಲ್ಲಿ ಹುವಾನ್ ದೆ ಪ್ಲಾಸೆನ್ಸಿಯ ಒಬ್ಬನು. ಮನಿಲಾದ ಆಗ್ನೇಯಕ್ಕೆ ಒಂದು ಮಹಾಸರೋವರವಿದೆ. ಅದರ ಸುತ್ತಣ ಸೀಮೆಗೆ ಲಗೂನ ಎಂದು ಹೆಸರು. ಪ್ಲಾಸೆನ್ಸಿಯ ಅಲ್ಲಿ ಊರೂರು ಅಲೆದು, ಭಾಷೆ ಕಲಿತು, ಚದುರಿ ವಾಸಿಸುತ್ತಿದ್ದ ಜನರನ್ನು ಇಗರ್ಜಿಯ ಸುತ್ತ ಒಟ್ಟುಗೂಡಿಸಿ ಹೊಸ ಊರುಗಳನ್ನು ಕಟ್ಟಿಸಿದನು. ಅಂಥ ಊರುಗಳಲ್ಲಿ ಹಲವು ಇಂದಿಗೂ ಪಟ್ಟಣಗಳಾಗಿ ನಿಂತಿವೆ.

ಆಗ ಗವರ್ನರನೂ ಉಚ್ಚ ನ್ಯಾಯಾಲಯದ ಅಧ್ಯಕ್ಷನೂ ಆಗಿದ್ದ ಸಾಂತಿಯಾಗೊ ದೆ ವೆರಾ ಅವನಿಗೆ ಪತ್ರ ಬರೆದು ತಗಾಲೊಗರ ಪೂರ್ವಪದ್ಧತಿಗಳ ವಿವರ ಕೇಳಿದನು. ಇದು ವಿದ್ವತ್ತಿನ ಹಂಬಲದಿಂದ ಹುಟ್ಟಿದ ಪ್ರಶ್ನೆಯಲ್ಲ. ದಾಸತ್ವ, ಆಸ್ತಿ, ವಧುದಕ್ಷಿಣೆಗಳ ವ್ಯಾಜ್ಯಗಳನ್ನು ತೀರ್ಮಾನಿಸಬೇಕಾದ ಅಧಿಕಾರಿಗಳಿಗೆ ಸ್ಥಳದ ಕಟ್ಟಳೆ ತಿಳಿಯದು. ಭಾಷೆಯೂ ಬಾರದು.

ಪ್ಲಾಸೆನ್ಸಿಯ ಒಡನೆಯೇ ಉತ್ತರ ಬರೆಯಲಿಲ್ಲ. ಜನ ತಮತಮಗೆ ಅನುಕೂಲವಾದುದನ್ನೇ ಹೇಳುವರೆಂಬುದನ್ನು ಬಲ್ಲವನಾಗಿ, ಬೇರೆ ಬೇರೆ ಪ್ರದೇಶಗಳ ವೃದ್ಧರನ್ನೂ ವಿವೇಕಿಗಳನ್ನೂ ಕೂಡಿಸಿ ವಿಚಾರಿಸಿ, ಜಳ್ಳನ್ನು ತೂರಿ ಕಾಳನ್ನು ಉಳಿಸಿಕೊಂಡನು. 1589ನೆಯ ಅಕ್ಟೋಬರ್ 21ರಂದು ನಗ್‌ಕಾರ್ಲಾನ್ ಎಂಬ ಊರಿನಿಂದ ಆ ವರದಿ ಹೊರಟಿತು. ಮರುವರ್ಷವೇ ಅವನು ಸಮೀಪದ ಲಿಲಿವ್ ಊರಿನಲ್ಲಿ ತೀರಿಕೊಂಡನು. ಹೆಸರು ಹೇಳದ ಆ ಮುದುಕರೇ ವರದಿಯ ನಿಜವಾದ ಕರ್ತರು ಎಂದರೂ ಸಲ್ಲುತ್ತದೆ.

ದೋಣಿಯೇ ಊರಾದದ್ದು

ತಗಾಲೊಗರಿಗೆ ಒಬ್ಬ ಚಕ್ರವರ್ತಿ ಇರಲಿಲ್ಲ. ಮೂವತ್ತರಿಂದ ನೂರು ಮನೆಗಳ ಒಂದೊಂದು ಗುಂಪಿಗೆ ಒಬ್ಬೊಬ್ಬ ಮುಖಂಡ, ಅವನು ‘ದಾತು’. ಆ ಗುಂಪು ‘ಬರಾಂಗಾಯ್’. ಈ ಪದದ ಮೂಲಾರ್ಥ ದೋಣಿ. ಪೂರ್ವಕಾಲದಲ್ಲಿ ಒಂದೊಂದು ಕುಟುಂಬ ಒಂದೊಂದು ದೋಣಿಯಲ್ಲಿ ಬಂದು ಇಳಿದಿರಬೇಕು, ದೋಣಿಯ ಯಜಮಾನನೇ ನೆಲದ ಮೇಲೆ ದಾತು ಆಗಿರಬೇಕು ಎಂದು ಪಾದ್ರಿ ಊಹಿಸಿದನು. ಆ ಪದಕ್ಕೆ ಸಾವಿಲ್ಲ. ಇಂದು ಫಿಲಿಪ್ಪೈನ್ಸ್ ದೇಶದ ಆಡಳಿತದ ಅತ್ಯಂತ ಕಿರಿಯ ಘಟಕದ ಹೆಸರು ಬರಾಂಗಾಯ್; ಅಂಥವು 42,000ಕ್ಕೂ ಹೆಚ್ಚು ಇವೆ.

ದಾತುವಿನ ಕೆಳಗೆ ‘ಮಹರ್ಲಿಕ’ರು. ಹುಟ್ಟಿನಿಂದ ಸ್ವತಂತ್ರರು, ಕಂದಾಯ ಕಪ್ಪಗಳಿಲ್ಲ. ಆದರೆ ದಾತು ಯುದ್ಧಕ್ಕೆ ಹೊರಟರೆ ಸ್ವಂತ ಖರ್ಚಿನಿಂದ ಹಿಂಬಾಲಿಸಬೇಕು, ಅವನ ದೋಣಿಗೆ ಹುಟ್ಟು ಹಾಕಬೇಕು. ಹೊರಡುವ ಮುನ್ನ ದಾತು ಅವರಿಗೆ ಔತಣವಿಡುವನು, ಬಂದ ಕೊಳ್ಳೆಯಲ್ಲಿ ಪಾಲು ಕೊಡುವನು. ‘ಮಹರ್ಧಿಕ’ ಎಂಬ ಸಂಸ್ಕೃತ ಪದವೇ ಜಾವಾ ಮತ್ತು ಮಲಯಾ ಭಾಷೆಗಳ ಮಾರ್ಗವಾಗಿ ಹೀಗೆ ಮಾರ್ಪಟ್ಟಿತೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಇಂದಿನ ಜನರಲ್ಲಿ ಅನೇಕರು ಮಹರ್ಲಿಕ ಎಂದರೆ ರಾಜವಂಶದವರು ಎಂದೇ ನಂಬಿದ್ದಾರೆ. ದೇಶಕ್ಕೇ ಆ ಹೆಸರಿಡಬೇಕೆಂಬ ಸಲಹೆ 1978ರಲ್ಲಿ ಶಾಸನಸಭೆಯ ಮುಂದೆ ಬಂದಿತ್ತು. 2019ರಲ್ಲಿ ಅಂದಿನ ಅಧ್ಯಕ್ಷರು ಅದನ್ನೇ ಮತ್ತೆ ಎತ್ತಿದರು. ದಾತುವಿನ ದೋಣಿಗೆ ಹುಟ್ಟು ಹಾಕುತ್ತಿದ್ದ ಮಹರ್ಲಿಕರು ಇದನ್ನು ಕೇಳಿದ್ದರೆ ನಗುತ್ತಿದ್ದರೋ ಏನೋ!

ಎರಡು ಬಗೆಯ ಆಲಿಪಿನ್

ಮಹರ್ಲಿಕರಿಗಿಂತ ಕೆಳಗಿನವರೆಲ್ಲರಿಗೂ ‘ಆಲಿಪಿನ್’ ಎಂಬ ಒಂದೇ ಹೆಸರು. ಸ್ಪೇನಿನವರು ಅದನ್ನು ಗುಲಾಮ ಎಂದು ಭಾಷಾಂತರಿಸಿ ಸುಮ್ಮನಾದರು. ಅನರ್ಥಕ್ಕೆಲ್ಲ ಮೂಲ ಅಲ್ಲಿಯೇ.

ಆಲಿಪಿನ್ನರಲ್ಲಿ ಎರಡು ಬಗೆ. ಒಬ್ಬನು ‘ನಮಮಹಾಯ್’. ‘ಬಹಾಯ್’ ಎಂದರೆ ಮನೆ. ನಮಮಹಾಯ್ ಎಂದರೆ ಸ್ವಂತ ಮನೆಯಲ್ಲಿ ಇರುವವನು. ಅವನು ತನ್ನ ಬೆಳೆಯಲ್ಲಿ ಗೊತ್ತಾದ ಪಾಲನ್ನು ಒಡೆಯನಿಗೆ ಸಲ್ಲಿಸಬೇಕು, ಕರೆದಾಗ ಹುಟ್ಟು ಹಾಕಲು ಹೋಗಬೇಕು. ಆದರೆ ಅವನ ಮನೆ, ಸಾಮಾನು, ಚಿನ್ನ ಎಲ್ಲವೂ ಅವನವೇ. ಅವು ಮಕ್ಕಳಿಗೆ ಬರುವವು. ಅವನನ್ನಾಗಲಿ ಅವನ ಮಕ್ಕಳನ್ನಾಗಲಿ ಮಾರಲು ಯಾರಿಗೂ ಅಧಿಕಾರವಿಲ್ಲ. ಇವನನ್ನು ಗುಲಾಮನೆನ್ನುವುದಕ್ಕಿಂತ ಒಕ್ಕಲು ಎನ್ನುವುದೇ ಸರಿಯಾದೀತು.

ಇನ್ನೊಬ್ಬನು ‘ಸಗಿಗಿಲಿದ್’. ‘ಗಿಲಿದ್’ ಎಂದರೆ ಅಂಚು, ಪಕ್ಕ. ಒಡೆಯನ ಮನೆಯ ಮೂಲೆಯಲ್ಲಿಯೇ ಬದುಕು ಸವೆಸುವವನು. ಅವನು ಒಡೆಯನ ಮನೆಯಲ್ಲಿಯೂ ಹೊಲದಲ್ಲಿಯೂ ದುಡಿಯಬೇಕು. ಅವನನ್ನು ಮಾರಬಹುದು. ಯುದ್ಧದಲ್ಲಿ ಸೆರೆಸಿಕ್ಕವರು ಈ ಸ್ಥಿತಿಗೆ ಬೀಳುತ್ತಿದ್ದರು. ಸಾಲ ತೀರಿಸಲಾರದವರೂ ದಾಸ್ಯಕ್ಕೆ ಇಳಿಯುತ್ತಿದ್ದರು. ತಂದೆ ಸತ್ತರೆ ಸಾಲ ಮಕ್ಕಳ ಕೊರಳಿಗೆ ಬೀಳುವುದು. ಈ ಸಾಲದ ಪದ್ಧತಿಯನ್ನು ತಿದ್ದಬೇಕು, ತಿದ್ದುವುದು ಸಾಧ್ಯವೂ ಹೌದು ಎಂದು ಪಾದ್ರಿ ಸ್ಪಷ್ಟವಾಗಿ ಬರೆದನು.

ಈ ಎರಡು ಸ್ಥಿತಿಗಳ ನಡುವೆ ಗೋಡೆಯಿತ್ತು, ಗೋಡೆಯಲ್ಲಿ ಬಾಗಿಲೂ ಇತ್ತು. ಸಗಿಗಿಲಿದ್ ತನ್ನ ದುಡಿಮೆಯಿಂದ ಚಿನ್ನ ಕೂಡಿಸಿದರೆ ತನ್ನನ್ನು ತಾನೇ ಬಿಡಿಸಿಕೊಳ್ಳಬಹುದು. ಐದು ತಾಯೆಲ್ ತೂಕದ ಚಿನ್ನಕ್ಕೆ ಕಡಿಮೆಯಿಲ್ಲದೆ ಕೊಟ್ಟರೆ ನಮಮಹಾಯ್ ಆಗುವನು. ಹತ್ತು ಅಥವಾ ಹೆಚ್ಚು ತಾಯೆಲ್ ತೆತ್ತರೆ ಸಂಪೂರ್ಣ ಸ್ವತಂತ್ರನು. ಆಗ ಒಂದು ವಿಚಿತ್ರ ವಿಧಿ ನಡೆಯುತ್ತಿತ್ತು. ದಾಸನ ಮನೆಯ ಸಾಮಾನನ್ನೆಲ್ಲ ಹರಡಿ ಒಡೆಯನೂ ಅವನೂ ಸಮಪಾಲು ಮಾಡಿಕೊಳ್ಳುವರು. ಗಡಿಗೆ ಮಡಕೆಗಳನ್ನೂ ಎಣಿಸುವರು. ಬೆಸವಾಗಿ ಒಂದು ಮಡಕೆ ಉಳಿದರೆ ಅದನ್ನು ಒಡೆದುಹಾಕುವರು. ಒಂದು ಬಟ್ಟೆ ಉಳಿದರೆ ನಟ್ಟನಡುವೆ ಹರಿಯುವರು. ಪಾದ್ರಿಗೆ ಇದು ವಿನೋದವಾಗಿ ತೋರಿತು. ಆದರೆ ಮರುದಿನದಿಂದ ಒಡೆಯನಿಗೆ ಯಾವ ನೆವದಿಂದಲೂ ಕೈಚಾಚಲು ಬಾರದಂತೆ, ನೋಡಿದವರೆಲ್ಲರ ಮುಂದೆ ಋಣ ಹರಿದುಕೊಳ್ಳುವುದಕ್ಕೆ ಒಡೆದ ಮಡಕೆಗಿಂತ ಗಟ್ಟಿಯಾದ ರಸೀತಿ ಯಾವುದಿದ್ದೀತು?

ಮಕ್ಕಳ ಲೆಕ್ಕ ಇನ್ನೂ ಸೂಕ್ಷ್ಮ. ಸ್ವತಂತ್ರನಾದ ಮಹರ್ಲಿಕನು ದಾಸಿಯನ್ನು ಮದುವೆಯಾದರೆ ಮೊದಲನೆಯ, ಮೂರನೆಯ, ಐದನೆಯ ಮಕ್ಕಳು ತಂದೆಯ ಪಾಲು. ಎರಡನೆಯ, ನಾಲ್ಕನೆಯ, ಆರನೆಯವರು ತಾಯಿಯ ಪಾಲು. ತಂದೆಯ ಪಾಲಿಗೆ ಬಂದವರು ಅವನಂತೆ ಸ್ವತಂತ್ರರು. ಅವರ ಬೆನ್ನಿಗೆ ಹುಟ್ಟಿದ ತಂಗಿ ತಮ್ಮಂದಿರು ತಾಯಿಯಂತೆ ದಾಸರು. ಒಂದೇ ಮಗುವಾದರೆ? ಅದು ಅರ್ಧ ಸ್ವತಂತ್ರ, ಅರ್ಧ ದಾಸ. ಕೆಲವು ವರ್ಷಗಳ ಅನಂತರ ಬರೆದ ಅಂತೋನಿಯೊ ದೆ ಮೊರ್ಗ ಕಾಲುಭಾಗ ದಾಸರನ್ನೂ ಹೇಳಿದ್ದಾನೆ. ಅವನು ಪಾದ್ರಿಯಲ್ಲ, ನ್ಯಾಯಾಧಿಕಾರಿ. ಇಂಥ ಭಿನ್ನರಾಶಿಗಳ ಗೋಜು ಅವನ ಪೀಠದ ಮುಂದೆ ಬಂದಿರಲೇಬೇಕು. ಒಂದು ಮನೆಯಲ್ಲಿ, ಒಂದೇ ಒಲೆಯ ಸುತ್ತ, ಅಣ್ಣನು ಒಡೆಯನ ಕುಲದವನಾಗಿ ತಮ್ಮನು ಮಾರಾಟದ ಭಯದಲ್ಲಿ ಬೆಳೆಯುವ ಸಮಾಜ ಅದು. ಪೂರ್ವಕಾಲವೆಲ್ಲ ಸ್ವರ್ಣಯುಗವೆಂದು ಹಾಡುವವರು ಈ ಪುಟವನ್ನು ದಾಟಿ ಹೋಗಬಾರದು.

ಹೊಸ ಆಳ್ವಿಕೆ ಬಂದಮೇಲೆ ಈ ಕಷ್ಟ ಕಡಿಮೆಯಾಯಿತೆ? ಪ್ಲಾಸೆನ್ಸಿಯನ ವರದಿಯ ತಿರುಳು ಇಲ್ಲಿದೆ. ಜಿಲ್ಲಾಧಿಕಾರಿಗಳಿಗೆ ಎರಡು ಬಗೆಯ ಆಲಿಪಿನ್ನರ ಅಂತರ ತಿಳಿಯದೆಂಬುದನ್ನು ಊರಿನ ಪ್ರಬಲರು ಬೇಗನೆ ಕಂಡುಕೊಂಡರು. ನಮಮಹಾಯ್‌ಗಳ ಮಕ್ಕಳನ್ನು ಎಳೆದೊಯ್ದು ಮನೆಯಾಳುಗಳನ್ನಾಗಿ ಮಾಡತೊಡಗಿದರು. ತಂದೆ ನ್ಯಾಯಾಲಯದ ಮೊರೆಹೊಕ್ಕರೆ ಅಲ್ಲಿ ಒಂದೇ ಪ್ರಶ್ನೆ: ನೀನು ಆಲಿಪಿನ್ನನೋ ಅಲ್ಲವೋ? ಹೌದು. ನಿನ್ನ ತಂದೆ ತಾಯಿಗಳು? ಅವರೂ ಹೌದು. ಅಲ್ಲಿಗೆ ತೀರ್ಪು ಮುಗಿಯಿತು. ಯಾವ ಬಗೆಯ ಆಲಿಪಿನ್ ಎಂದು ಕೇಳುವವರಿಲ್ಲ. ಮನೆ, ಹೊಲ, ಚಿನ್ನ ಉಳ್ಳ ಒಕ್ಕಲಿಗನು ಸಗಿಗಿಲಿದ್ ಆಗಿ ನ್ಯಾಯಾಲಯದಿಂದ ಹೊರಬೀಳುವನು, ಮಾರಾಟವೂ ಆಗುವನು. ಹಳೆಯ ಕಟ್ಟಳೆ ಕೊಡದಿದ್ದ ಅಧಿಕಾರವನ್ನು ಹೊಸ ನ್ಯಾಯದ ಅಜ್ಞಾನ ಕೊಟ್ಟಿತು.

ಇದಕ್ಕೆ ಪಾದ್ರಿ ಸೂಚಿಸಿದ ಪರಿಹಾರ ಅತಿ ಸರಳ. ಯಾರಾದರೂ ಬಂದು ತನ್ನ ಆಲಿಪಿನ್ನನನ್ನು ಕೊಡಿಸಿರೆಂದು ಕೇಳಿದರೆ, ಅವನು ಯಾವ ವರ್ಗದವನೆಂದು ಮೊದಲು ವಿಚಾರಿಸಬೇಕು. ಆ ಉತ್ತರವನ್ನು ಕೊಡುವ ಪತ್ರದಲ್ಲಿಯೇ ಬರೆಯಬೇಕು. ಒಂದು ಪದವನ್ನು ಹೆಚ್ಚಾಗಿ ಬರೆದರೆ ಸಾಕು, ಒಂದು ಕುಟುಂಬ ಉಳಿಯುವುದು.

ದೇವರ ವಿಷಯಕ್ಕೆ ಬಂದಾಗ

ಮದುವೆಯ ಕಟ್ಟಳೆಯನ್ನು ಪಾದ್ರಿ ಚಿಕ್ಕದಾಗಿ ಹೇಳಿ ಮುಗಿಸಿದ್ದಾನೆ. ದಕ್ಷಿಣೆ ಕೊಡಬೇಕಾದವನು ವರ, ಪಡೆಯುವವರು ವಧುವಿನ ತಂದೆತಾಯಿಗಳು. ಹೆಂಡತಿ ಬೇರೊಬ್ಬನಿಗಾಗಿ ಗಂಡನನ್ನು ಬಿಟ್ಟರೆ ದಕ್ಷಿಣೆಯೆಲ್ಲವೂ ಮೇಲೊಂದಿಷ್ಟೂ ಗಂಡನಿಗೆ ಹಿಂದಿರುಗುವುದು; ಗಂಡನೇ ಬಿಟ್ಟರೆ ಅರ್ಧ ಅವನ ಕೈತಪ್ಪುವುದು. ಸಕ್ರಮವಾಗಿ ಹುಟ್ಟಿದ ಮಕ್ಕಳಿಗೆಲ್ಲ ಆಸ್ತಿಯಲ್ಲಿ ಸಮಪಾಲು.

ಧರ್ಮದ ವಿಷಯಕ್ಕೆ ಬಂದೊಡನೆ ಅವನ ಲೇಖನಿಯ ಸ್ವರ ಬದಲಾಗುತ್ತದೆ. ತಗಾಲೊಗರಿಗೆ ಕಲ್ಲಿನ ಗುಡಿಗಳಿರಲಿಲ್ಲ. ಹಬ್ಬ ಬಂದರೆ ದಾತುವಿನ ದೊಡ್ಡ ಮನೆಗೆ ಚಪ್ಪರ ಹಾಕಿ, ದೀಪಗಳನ್ನು ಹೊತ್ತಿಸಿ, ಚಿಕ್ಕ ದೊಡ್ಡ ಮದ್ದಳೆಗಳನ್ನು ಬಾರಿಸುತ್ತ ನಾಲ್ಕು ದಿನ ಪೂಜೆ ನಡೆಸುವರು. ಸರ್ವಸೃಷ್ಟಿಕರ್ತನಾದ ದೇವನ ಹೆಸರು ‘ಬತ್ಹಲಾ’. ಸಂಸ್ಕೃತದ ‘ಭಟ್ಟಾರ’ ಪದದಿಂದ ಇದು ಬಂದಿತೆಂಬುದು ವಿದ್ವಾಂಸರ ಮತ. ಶಾಸನಗಳಲ್ಲಿ ‘ಭಟ್ಟಾರಕ’ ಎಂಬುದನ್ನು ಓದಿಬಲ್ಲ ಕನ್ನಡಿಗರಿಗೆ ಇದು ದೂರದ ನೆಂಟಸ್ತಿಕೆ. ಅಂಥ ಪದಗಳು ತಗಾಲೊಗ್ ಭಾಷೆಯಲ್ಲಿ ಇನ್ನೂ ಇವೆ. ಅಲ್ಲಿ ಮುಖಕ್ಕೆ ‘ಮುಖಾ’, ಆಶೆಗೆ ‘ಆಸಾ’, ಗುರುವಿಗೆ ‘ಗುರೋ’, ಬಡತನದ ದುಃಖಕ್ಕೆ ‘ದುಖಾ’. ಸೂರ್ಯ, ಚಂದ್ರ, ಬೆಳ್ಳಿಚುಕ್ಕೆಗಳನ್ನು ಆ ಜನ ವಂದಿಸುತ್ತಿದ್ದರು. ಹೊಳೆಯ ಮೊಸಳೆಗೂ ಭಯಭಕ್ತಿಯ ಕಾಣಿಕೆ ಸಲ್ಲುತ್ತಿತ್ತು.

ಪೂಜೆ ನಡೆಸುವವರು ‘ಕತಲೋನನ್’; ಸ್ತ್ರೀಯೂ ಆಗಬಹುದು, ಪುರುಷನೂ ಆಗಬಹುದು. ಪ್ಲಾಸೆನ್ಸಿಯ ಇವರನ್ನು ಸೈತಾನನ ಪುರೋಹಿತರ ಪಟ್ಟಿಯಲ್ಲಿ ಮೊದಲನೆಯವರಾಗಿ ನಿಲ್ಲಿಸಿದನು. ಅದೇ ಉಸಿರಿನಲ್ಲಿ, ಈ ಪದವಿ ಜನರಲ್ಲಿ ಗೌರವದ್ದಾಗಿತ್ತು, ಸಾಮಾನ್ಯವಾಗಿ ಕುಲೀನರೇ ಇದನ್ನು ವಹಿಸುತ್ತಿದ್ದರು ಎಂದೂ ಬರೆದನು. ಸೈತಾನನ ಮಾತು ಅವನ ದೀಕ್ಷೆಯದು. ಗೌರವದ ಮಾತು ಅವನಿಗೆ ಹೇಳಿದ ಹಿರಿಯರದು.

ಅನಂತರ ಮಾಟಗಾರರ ಸಾಲು. ರಾತ್ರಿ ವೇಳೆ ತಲೆಯನ್ನು ದೇಹದಿಂದ ಬೇರ್ಪಡಿಸಿಕೊಂಡು ಅಲೆದು ಬೆಳಗಾಗುವಷ್ಟರಲ್ಲಿ ಸೇರಿಸಿಕೊಳ್ಳುವವರ ವಿಷಯ ಹೇಳಿ, ಇದು ಕಟ್ಟುಕಥೆಯೆಂದು ತನಗೆ ತೋರುವುದಾಗಿ ಬರೆದನು. ಬಿಳಿ ಬಟ್ಟೆಯವರನ್ನು ಕಂಡರೆ ಯಕೃತ್ತನ್ನು ಕಿತ್ತು ತಿನ್ನುವವರ ವಿಷಯದಲ್ಲಾದರೋ, ಇದನ್ನು ಯಾರೂ ಕಥೆಯೆಂದು ತಿಳಿಯಬೇಡಿರಿ, ಸ್ಪೇನಿನ ಗುಮಾಸ್ತನೊಬ್ಬನಿಗೆ ಹೀಗೆಯೇ ಆಯಿತು ಎಂದು ಸ್ಥಳದ ಹೆಸರು, ಹೂಳಿದ ಪಾದ್ರಿಯ ಹೆಸರು ಸಮೇತ ಸಾಧಿಸಿದನು. ದಾಸನ ಮಡಕೆಗಳನ್ನು ಎಣಿಸಿದ ಕಣ್ಣು ಇಲ್ಲಿ ಮುಚ್ಚಿಕೊಂಡಿತು. ಆದಕಾರಣ ಇಂಥ ಗ್ರಂಥಗಳನ್ನು ಪೂರ್ತಿ ನಂಬುವವನೂ ಪೂರ್ತಿ ತಳ್ಳಿಹಾಕುವವನೂ ಸಮಾನವಾಗಿ ಮೋಸಹೋಗುವರು.

ಉಳಿದ ಅಕ್ಷರ, ಅಳಿದ ಅಕ್ಷರ

ತಗಾಲೊಗರಿಗೆ ಸ್ವಂತ ಲಿಪಿಯಿತ್ತು. ಹದಿನೇಳು ಅಕ್ಷರಗಳು, ಕನ್ನಡದಂತೆಯೇ ವ್ಯಂಜನದೊಳಗೆ ‘ಅ’ಕಾರ ಅಡಗಿರುವುದು, ಬೇರೆ ಸ್ವರಕ್ಕೆ ಚುಕ್ಕೆಯಿಡುವರು. ಓದಲು ಬರೆಯಲು ಬಾರದ ಪುರುಷನನ್ನು ಕಾಣುವುದು ಅಪರೂಪ, ಸ್ತ್ರೀಯನ್ನು ಕಾಣುವುದು ಇನ್ನೂ ಅಪರೂಪ ಎಂದು ಚಿರಿನೊ ಬೆರಗಾದನು. ಆದರೆ ಅವರು ಅದನ್ನು ಬಳಸುತ್ತಿದ್ದುದು ಓಲೆಗಳಿಗೆ. ಧರ್ಮವೂ ಕಥೆಯೂ ಹಾಡುಗಳಲ್ಲಿದ್ದವು. ಹುಟ್ಟು ಹಾಕುವಾಗ, ದುಡಿಯುವಾಗ, ಹಬ್ಬದಲ್ಲಿ, ಸಾವಿನ ಮನೆಯಲ್ಲಿ ಹಾಡುವುದನ್ನು ಕೇಳಿ ಮಕ್ಕಳು ಬಾಯಿಪಾಠ ಮಾಡುವರು. ಹಾಡುವವರು ಮತಾಂತರವಾದೊಡನೆ ಆ ಭಂಡಾರದ ಬಹುಭಾಗ ಕಣ್ಮರೆಯಾಯಿತು. 1593ರಲ್ಲಿ ಮನಿಲಾದಲ್ಲಿ ಅಚ್ಚಾದ ಕ್ರೈಸ್ತ ಪ್ರಶ್ನೋತ್ತರ ಪುಸ್ತಕದಲ್ಲಿ ಈ ಲಿಪಿ ಕಾಣುತ್ತದೆ. ಅದರ ತಗಾಲೊಗ್ ಪಾಠ ಪ್ಲಾಸೆನ್ಸಿಯನದೆಂದು ಅನೇಕರ ಅಭಿಪ್ರಾಯ. ಕಾಲಕ್ರಮದಲ್ಲಿ ರೋಮನ್ ಲಿಪಿ ಅದನ್ನು ನುಂಗಿತು.

ಮೂರು ಶತಮಾನಗಳಾದ ಮೇಲೆ ಲಗೂನ ಸೀಮೆಯ ಕಲಂಬದಲ್ಲಿ ಹುಟ್ಟಿದ ಹೊಸೆ ರಿಸಾಲ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತು, 1609ರಲ್ಲಿ ಅಚ್ಚಾಗಿದ್ದ ಮೊರ್ಗನ ಗ್ರಂಥವನ್ನು ಕೈಯಾರೆ ನಕಲು ಮಾಡಿಕೊಂಡು, ಟಿಪ್ಪಣಿಗಳೊಡನೆ 1890ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದನು. ತನ್ನ ಜನ ಸ್ಪೇನಿನವರು ಬರುವ ಮುನ್ನ ಅನಾಗರಿಕರಾಗಿರಲಿಲ್ಲವೆಂದು ತೋರಿಸುವುದೇ ಅವನ ಉದ್ದೇಶ. 1896ನೆಯ ಡಿಸೆಂಬರ್ 30ರಂದು ಸ್ಪೇನಿನ ಸರಕಾರ ಅವನನ್ನು ಗುಂಡಿಟ್ಟು ಕೊಂದಿತು. ಪೂರ್ವಜರ ಹಸಿವು ಕೆಲವರನ್ನು ಅಡ್ಡದಾರಿಗೂ ಎಳೆಯಿತು. 1433ರಲ್ಲಿ ಕಲಾಂತಿಯಾವ್ ಎಂಬ ದಾತು ಬರೆಸಿದನೆಂಬ ಒಂದು ಧರ್ಮಶಾಸ್ತ್ರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಕಿಗೆ ಬಂದು, ಪಠ್ಯಪುಸ್ತಕಗಳನ್ನು ಸೇರಿತು. ವಿಲಿಯಮ್ ಹೆನ್ರಿ ಸ್ಕಾಟ್ ಎಂಬ ಅಮೆರಿಕನ್ ವಿದ್ವಾಂಸನು 1968ರಲ್ಲಿ ಅದು ಹೊಸೆ ಮಾರ್ಕೊ ಎಂಬವನ ಕೃತ್ರಿಮ ಸೃಷ್ಟಿಯೆಂದು ಪರಿಶೋಧಿಸಿ ತೋರಿಸಿದನು. ಅದರ ಮುಂದೆ ಪ್ಲಾಸೆನ್ಸಿಯನ ಒಣ ವರದಿಯ ಬೆಲೆ ಇಮ್ಮಡಿಯಾಯಿತು.

ಇನ್ನು ನಿಜವಾದ ಪ್ರಾಚೀನ ದಾಖಲೆ ದೊರೆತ ಬಗೆ. 1989ರಲ್ಲಿ, ಪಾದ್ರಿಯ ವರದಿಗೆ ಸರಿಯಾಗಿ ನಾನೂರು ವರ್ಷಗಳಾದಾಗ, ಅದೇ ಲಗೂನ ಸೀಮೆಯ ಲುಂಬಾಂಗ್ ಹೊಳೆಯ ಬಾಯಲ್ಲಿ ಮರಳು ತೆಗೆಯುತ್ತಿದ್ದವನಿಗೆ ಕಪ್ಪುಗಟ್ಟಿದ ಒಂದು ತಾಮ್ರದ ತಗಡು ಸಿಕ್ಕಿತು. ಡಚ್ಚರವನಾದ ಆಂಟೊನ್ ಪೋಸ್ಟ್ಮಾ ಅದನ್ನು ಓದಿದನು. ಲಿಪಿ ಜಾವಾದ ಹಳೆಯ ಕವಿ ಲಿಪಿ. ಭಾಷೆ ಹಳೆಯ ಮಲಯಾ, ನಡುನಡುವೆ ಸಂಸ್ಕೃತ. ಕನ್ನಡ ನಾಡಿನ ಶಾಸನಗಳಂತೆಯೇ ‘ಸ್ವಸ್ತಿ’ ಎಂದು ಆರಂಭ. ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಕ್ರಿಸ್ತಶಕ 900ನೆಯ ಏಪ್ರಿಲ್ 21. ಆಗ ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದನು.

ವಿಜಯದ ವರ್ಣನೆಯಾಗಲಿ ದಾನದ ಪ್ರಶಂಸೆಯಾಗಲಿ ಆ ತಗಡಿನಲ್ಲಿ ಇಲ್ಲ. ನಾಮ್ವರಾನ್ ಎಂಬ ಗೃಹಸ್ಥನ ಒಂದು ಕಟಿ ಎಂಟು ಸುವರ್ಣ ತೂಕದ ಚಿನ್ನದ ಸಾಲ ಮನ್ನಾ ಆಯಿತು. ಅವನ ಮಕ್ಕಳಾಗಲಿ ಮುಂದಿನ ಸಂತತಿಯಾಗಲಿ ಆ ಸಾಲಕ್ಕೆ ಹೊಣೆಯಲ್ಲ. ಮುಂದೆ ಯಾರಾದರೂ ಸಾಲ ಉಳಿದಿದೆಯೆಂದು ಬಂದರೆ ಈ ಪತ್ರವನ್ನು ತೋರಿಸತಕ್ಕದ್ದು. ಅದನ್ನು ಬರೆಸಿಕೊಂಡವರು ಅವನ ಮಗಳು ಅಂಗ್ಕಾತಾನ್ ಮತ್ತು ಅವಳ ಸಹೋದರ ಬುಕಾ. ಆ ತಗಡು ಈಗ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.